ಹಿತ್ತಲಿನ ಎಂಟರ ಹಾದಿಯಿಂದ ಹೊರಟ ಪುಟ್ಟ ಕಾರು: ಬ್ರೂಸ್ ಮೆಕ್ಲಾರೆನ್ ಬದುಕು

ನ್ಯೂಜಿಲೆಂಡ್‌ನ ಆಕ್ಲೆಂಡ್ ನಗರದ ರೆಮ್ಯುಎರಾ ಬಡಾವಣೆಯ ಮನೆಯೊಂದರ ಹಿತ್ತಲಿನಲ್ಲಿ, 1950ರ ದಶಕದ ಆರಂಭದಲ್ಲಿ, ಹಣ್ಣಿನ ಮರಗಳ ನಡುವೆ ಒಂದು ವಿಚಿತ್ರ ಹಾದಿ ಸವೆಯತೊಡಗಿತ್ತು. ಅದು ಎಂಟರ ಅಂಕಿಯ ಆಕಾರದಲ್ಲಿತ್ತು. ಎಂಟು ಎಂದರೆ ಕನ್ನಡದ ೮ ಅಲ್ಲ, ಎರಡು ಸೊನ್ನೆಗಳು ಒಂದರ ಮೇಲೊಂದು ಕುಳಿತಂತಿರುವ 8. ಒಂದು ಮರವನ್ನು ಎಡಕ್ಕೆ ಸುತ್ತಿ, ನಡುವೆ ದಾಟಿ, ಮತ್ತೊಂದು ಮರವನ್ನು ಬಲಕ್ಕೆ ಸುತ್ತಿ, ಮತ್ತೆ ಮೊದಲಿನ ಜಾಗಕ್ಕೆ ಬರುವ ಈ ಹಾದಿಯಲ್ಲಿ ದಿನವೂ ಒಂದು ಪುಟ್ಟ ಕಾರು ಓಡುತ್ತಿತ್ತು. ಚಾಲಕನಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಲೈಸೆನ್ಸ್ ಇರಲಿಲ್ಲ. ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು.

ಆ ಹುಡುಗನ ಹೆಸರು ಬ್ರೂಸ್ ಮೆಕ್ಲಾರೆನ್. ಇಂದು ಮೆಕ್ಲಾರೆನ್ ಎಂದೊಡನೆ ಕಣ್ಣಮುಂದೆ ಬರುವುದು ಕೋಟಿಗಟ್ಟಲೆ ಬೆಲೆಯ ಕಾರುಗಳು, ಫಾರ್ಮುಲಾ ಒನ್ ತಂಡ, ಸೆನ್ನಾ, ಪ್ರಾಸ್ಟ್, ಹ್ಯಾಮಿಲ್ಟನ್. ಅದು ಒಬ್ಬ ಮನುಷ್ಯನ ಮನೆತನದ ಹೆಸರೆಂಬುದು, ಆ ಮನುಷ್ಯ ಮೂವತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಕೊಂಡನೆಂಬುದು ಎಷ್ಟೋ ಅಭಿಮಾನಿಗಳಿಗೂ ತಿಳಿಯದು.

ಬ್ರೂಸ್ ಹುಟ್ಟಿದ್ದು 1937ರ ಆಗಸ್ಟ್ 30ರಂದು. ತಂದೆ ಲೆಸ್ ಮೆಕ್ಲಾರೆನ್ ಪೆಟ್ರೋಲ್ ಬಂಕ್ ಮತ್ತು ಗ್ಯಾರೇಜು ನಡೆಸುತ್ತಿದ್ದರು. ಹರೆಯದಲ್ಲಿ ಮೋಟಾರ್ ಸೈಕಲ್ ರೇಸುಗಳಲ್ಲಿ ಹೆಸರು ಮಾಡಿದ್ದವರು. ಮಗು ಕಣ್ಣುಬಿಟ್ಟದ್ದೇ ಎಣ್ಣೆ, ಗ್ರೀಸು, ಪೆಟ್ರೋಲಿನ ವಾಸನೆಯ ನಡುವೆ. ಶಾಲೆಯಲ್ಲಿ ರಗ್ಬಿ ಆಡುತ್ತಿದ್ದ, ಓಡಾಟದಲ್ಲಿ ಚುರುಕಾಗಿದ್ದ ಹುಡುಗ ಒಂಬತ್ತನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಕುಂಟತೊಡಗಿದ. ಸೊಂಟದಲ್ಲಿ ನೋವು. ವೈದ್ಯರು ಗುರುತಿಸಿದ ಕಾಯಿಲೆ ಪರ್ಥೆಸ್. ತೊಡೆಯೆಲುಬಿನ ಮೇಲ್ತುದಿಗೆ ರಕ್ತದ ಪೂರೈಕೆ ಕಡಿಮೆಯಾಗಿ, ಅಲ್ಲಿನ ಎಲುಬು ಮೆತ್ತಗಾಗಿ ಕುಸಿಯುವ ರೋಗವದು. ಆ ಕಾಲಕ್ಕೆ ಇದ್ದ ಚಿಕಿತ್ಸೆ ಒಂದೇ: ಕಾಲಿನ ಮೇಲೆ ಭಾರ ಬೀಳದಂತೆ ಮಲಗಿಸುವುದು, ಎಲುಬು ತಾನಾಗಿ ಗಟ್ಟಿಯಾಗುವವರೆಗೆ ಕಾಯುವುದು.

ಆಕ್ಲೆಂಡ್‌ನ ಟಾಕಪುನಾದಲ್ಲಿದ್ದ ವಿಲ್ಸನ್ ಹೋಮ್ ಎಂಬ ಮಕ್ಕಳ ಆರೈಕೆ ಕೇಂದ್ರದಲ್ಲಿ ಬ್ರೂಸ್ ಸುಮಾರು ಎರಡು ವರ್ಷ ಕಳೆದ. ಗಾಲಿಗಳಿದ್ದ ಚೌಕಟ್ಟಿನ ಹಾಸಿಗೆಯ ಮೇಲೆ ಕಾಲುಗಳನ್ನು ಎಳೆದು ಕಟ್ಟಿ ಅಂಗಾತ ಮಲಗಿಸಿದ್ದರು. ಮುಂದೆ ಎಂದಾದರೂ ಸರಿಯಾಗಿ ನಡೆಯುವನೇ ಎಂಬುದೇ ಮನೆಯವರಿಗೆ ಅನುಮಾನವಾಗಿತ್ತು. ಆದರೆ ಗಾಲಿಯಿರುವ ವಸ್ತು ಸಿಕ್ಕ ಮೇಲೆ ಹುಡುಗರು ಸುಮ್ಮನಿರುತ್ತಾರೆಯೇ? ಅಲ್ಲಿನ ಮಕ್ಕಳ ಗಾಲಿ ಓಟಗಳಲ್ಲಿ ಬ್ರೂಸ್ ಮುಂದಾಳು. ಹೊರಬಂದಾಗ ಆತ ಊರುಗೋಲು ಹಿಡಿದು ನಡೆದ. ನಂತರ ಅದನ್ನೂ ಬಿಟ್ಟ. ಗಿಡ್ಡವಾಗಿದ್ದ ಎಡಗಾಲಿನ ಬೂಟಿಗೆ ಹಿಮ್ಮಡಿ ಎತ್ತರಿಸಿಕೊಂಡರೂ ಕುಂಟು ಮಾತ್ರ ಬದುಕಿನುದ್ದಕ್ಕೂ ಜೊತೆಗೇ ಉಳಿಯಿತು. ರಗ್ಬಿಯ ಬಾಗಿಲು ಮುಚ್ಚಿತ್ತು. ಕುಳಿತುಕೊಂಡೇ ಆಡಬಹುದಾದ ಆಟವೊಂದು ಬೇಕಾಗಿತ್ತು.

ಅದು ಬಂದದ್ದು ಬಿಡಿಭಾಗಗಳ ರೂಪದಲ್ಲಿ. ಲೆಸ್ ಮೆಕ್ಲಾರೆನ್ 1929ರ ಆಸ್ಟಿನ್ ಸೆವೆನ್ ಅಲ್‌ಸ್ಟರ್ ಕಾರೊಂದನ್ನು ಕೊಂಡು ತಂದರು. ಕಾರು ಎನ್ನುವುದಕ್ಕಿಂತ ಕಾರಿನ ರಾಶಿ ಎನ್ನುವುದೇ ಸರಿ. ಜೋಡಿಸಿ, ಸರಿಪಡಿಸಿ, ಲಾಭಕ್ಕೆ ಮಾರುವುದು ತಂದೆಯ ಲೆಕ್ಕಾಚಾರ. ಮಗನ ಲೆಕ್ಕಾಚಾರ ಬೇರೆಯೇ ಇತ್ತು.

ಈ ಕಾರಿನ ಕುರಿತು ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆಸ್ಟಿನ್ ಸೆವೆನ್ ಬ್ರಿಟನ್ನಿನ ಬಡ ಮಧ್ಯಮವರ್ಗಕ್ಕೆ ನಾಲ್ಕು ಚಕ್ರ ಕೊಟ್ಟ ಕಾರು. ಸೈಡ್‌ಕಾರ್ ಕಟ್ಟಿದ ಮೋಟಾರ್ ಸೈಕಲ್‌ನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದವರಿಗಾಗಿ ಹರ್ಬರ್ಟ್ ಆಸ್ಟಿನ್, ಸ್ಟ್ಯಾನ್ಲಿ ಎಡ್ಜ್ ಎಂಬ ಹದಿಹರೆಯದ ನಕ್ಷೆಗಾರನನ್ನು ಜೊತೆಗಿಟ್ಟುಕೊಂಡು, ತಮ್ಮ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ ಇದರ ವಿನ್ಯಾಸ ಮಾಡಿಸಿದರು. 1922ರಲ್ಲಿ ಹೊರಬಂದ ಕಾರು 1939ರವರೆಗೆ ಸುಮಾರು 2,90,000 ಸಂಖ್ಯೆಯಲ್ಲಿ ತಯಾರಾಯಿತು. ಎಂಜಿನ್ 747 ಸಿಸಿ, ಅಂದರೆ ನಮ್ಮ ರಸ್ತೆಗಳಲ್ಲಿ ಓಡಿದ ಮಾರುತಿ 800ಕ್ಕಿಂತಲೂ ಕಡಿಮೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಆರೂಕಾಲು ಅಡಿ. ಇಬ್ಬರು ಗಟ್ಟಿಗರು ಹಿಂಭಾಗವನ್ನು ಹಿಡಿದೆತ್ತಿ ಪಕ್ಕಕ್ಕೆ ಸರಿಸಬಹುದಾದಷ್ಟು ಹಗುರ.

ಹಗುರವಾದುದು ವೇಗವಾಗಿಯೂ ಓಡಬಲ್ಲದು ಎಂಬುದನ್ನು ರೇಸುಗಾರರು ಬೇಗ ಕಂಡುಕೊಂಡರು. 1929ರಲ್ಲಿ ಉತ್ತರ ಐರ್ಲೆಂಡ್‌ನ ಆರ್ಡ್ಸ್‌ನಲ್ಲಿ ನಡೆದ ಟೂರಿಸ್ಟ್ ಟ್ರೋಫಿ ಓಟದಲ್ಲಿ ಈ ಪುಟ್ಟ ಕಾರುಗಳು ದೊಡ್ಡ ಕಾರುಗಳ ನಡುವೆ ಮೂರನೆಯ ಮತ್ತು ನಾಲ್ಕನೆಯ ಸ್ಥಾನ ಪಡೆದವು. ಅಲ್‌ಸ್ಟರ್ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಮರುವರ್ಷ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ಓಟವನ್ನು ಆಸ್ಟಿನ್ ಸೆವೆನ್ ಗೆದ್ದೇಬಿಟ್ಟಿತು. ಮಿನಿ ಕಾರಿನ ಜನಕ ಅಲೆಕ್ ಇಸಿಗೊನಿಸ್ ಸ್ಪರ್ಧೆಗಿಳಿದದ್ದು ಅಲ್‌ಸ್ಟರ್ ಕಾರಿನಲ್ಲಿ. ಲೋಟಸ್ ಸಂಸ್ಥೆಯ ಕಾಲಿನ್ ಚಾಪ್‌ಮನ್ ತಮ್ಮ ಮೊದಲ ಕಾರನ್ನು 1948ರಲ್ಲಿ ಕಟ್ಟಿದ್ದು ಹಳೆಯ ಆಸ್ಟಿನ್ ಸೆವೆನ್ ಮೇಲೆ. ಇಪ್ಪತ್ತನೆಯ ಶತಮಾನದ ಕಾರು ಎಂಜಿನಿಯರುಗಳಿಗೆ ಇದು ಓನಾಮ ಕಲಿಸಿದ ಮರಳಿನ ತಟ್ಟೆ ಎಂದರೂ ನಡೆದೀತು.

ಹಾಗೆಂದು ಇದು ಸಾಧು ಕಾರಲ್ಲ. ಕ್ಲಚ್ ಅನ್ನುವುದು ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ನಡುವೆ ಎಳ್ಳಷ್ಟೂ ಅವಕಾಶವಿಲ್ಲ. ಬ್ರೇಕುಗಳು ತಂತಿ ಎಳೆದು ಹಿಡಿಯುವಂಥವು. ನಿಲ್ಲಬೇಕೆಂದರೆ ನಾಲ್ಕು ಮನೆ ಮೊದಲೇ ನಿರ್ಧರಿಸಬೇಕು. ಮುಂದೆ ಅಡ್ಡಲಾಗಿ ಒಂದೇ ಲೀಫ್ ಸ್ಪ್ರಿಂಗ್, ಹಿಂದೆ ಎರಡು ತುಂಡು ಸ್ಪ್ರಿಂಗ್. ತಿರುವಿನಲ್ಲಿ ಕಾರು ವಾಲಿದೊಡನೆ ಹಿಂದಿನ ಆಕ್ಸಲ್ ತಾನೂ ಒಂದಿಷ್ಟು ತಿರುಗಿ, ಚಾಲಕ ಕೇಳದೇ ಇದ್ದ ಸ್ಟಿಯರಿಂಗ್ ಸೇವೆಯನ್ನು ಸಲ್ಲಿಸುತ್ತದೆ. ಜೋಡಿಸಿದ ಕಾರನ್ನು ಮೊದಲು ಓಡಿಸಿ ನೋಡಿದ ಲೆಸ್ ಮೆಕ್ಲಾರೆನ್, ಮೋಟಾರ್ ಸೈಕಲ್ ರೇಸುಗಳಲ್ಲಿ ಪಳಗಿದ್ದ ಮನುಷ್ಯ, ಬಿಳಿಚಿಕೊಂಡು ವಾಪಸಾದರು. ಇದನ್ನು ಮಾರಿಬಿಡುವುದೇ ಕ್ಷೇಮ ಎಂಬುದು ಅವರ ತೀರ್ಮಾನವಾಗಿತ್ತು. ಮಗ ಪಟ್ಟು ಹಿಡಿದು ಉಳಿಸಿಕೊಂಡ.

ಹಿತ್ತಲಿನ ಎಂಟರ ಹಾದಿ ಹುಟ್ಟಿದ್ದು ಹೀಗೆ. ಬಯಲಿನಲ್ಲಿ ಗುರುತುಗಳನ್ನು ನೆಟ್ಟು, ಒಂದೊಂದೇ ಕಾರನ್ನು ಗಡಿಯಾರದ ಎದುರು ಬಿಟ್ಟು, ಯಾರು ಎಷ್ಟು ಸೆಕೆಂಡಿನಲ್ಲಿ ಸುತ್ತಿ ಬಂದರೆಂದು ಅಳೆಯುವ ಆಟಕ್ಕೆ ಈಗ ಆಟೋಕ್ರಾಸ್ ಎನ್ನುತ್ತಾರೆ. ಬ್ರೂಸ್‌ನ ಹಿತ್ತಲಿನಲ್ಲಿ ನಡೆದದ್ದು ಅದರದೇ ಮನೆಮಟ್ಟದ ರೂಪ. ಗುರುತುಗೂಟಗಳ ಬದಲಿಗೆ ಹಣ್ಣಿನ ಮರಗಳು, ಅಷ್ಟೇ. ಗೂಟಕ್ಕೆ ಡಿಕ್ಕಿಯಾದರೆ ಎರಡು ಸೆಕೆಂಡು ದಂಡ ಬಿದ್ದೀತು, ಮರಕ್ಕೆ ಡಿಕ್ಕಿಯಾದರೆ ಕಾರೂ ಹೋಯಿತು, ತಾಯಿಯ ಸಹನೆಯೂ ಹೋಯಿತು.

ಇಂಥ ಹಾದಿಯಲ್ಲಿ ಅಶ್ವಶಕ್ತಿ ಕೆಲಸಕ್ಕೆ ಬಾರದು. ವೇಗ ಹೆಚ್ಚಿಸಿಕೊಳ್ಳುವಷ್ಟರಲ್ಲಿ ಮುಂದಿನ ತಿರುವು ಎದುರಾಗಿರುತ್ತದೆ. ಆಸ್ಟಿನ್‌ನಂಥ ದುರ್ಬಲ ಎಂಜಿನ್‌ಗೆ ಒಮ್ಮೆ ಕಳೆದುಕೊಂಡ ವೇಗವನ್ನು ಮತ್ತೆ ಗಳಿಸುವುದು ಸಾಲ ತೀರಿಸಿದಷ್ಟೇ ಕಷ್ಟ. ಆದ್ದರಿಂದ ಚಾಲಕ ಬ್ರೇಕನ್ನು ಮರೆತು, ತಿರುವಿನೊಳಗೆ ಇದ್ದ ವೇಗವನ್ನೇ ಹೇಗೆ ಉಳಿಸಿಕೊಂಡು ಹೊರಬರುವುದೆಂದು ಕಲಿಯಬೇಕು. ಎಡಕ್ಕೆ ವಾಲಿದ ಕಾರಿನ ಭಾರ ಬಲಕ್ಕೆ ಹೊರಳುವ ಕ್ಷಣವನ್ನು ಮೊದಲೇ ಊಹಿಸಬೇಕು. ಹಿಂಚಕ್ರ ಜಾರತೊಡಗಿದ್ದನ್ನು ಕಣ್ಣಿಗಿಂತ ಮೊದಲು ಕೂತ ಜಾಗ ಹೇಳುತ್ತದೆ. ದೊಡ್ಡ ಕಾರಿನಲ್ಲಿ ಈ ಪಾಠ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಸಿಗುತ್ತದೆ, ತಪ್ಪಿದರೆ ಆಸ್ಪತ್ರೆ. ಪುಟ್ಟ ಕಾರಿನಲ್ಲಿ ಮೂವತ್ತರಲ್ಲೇ ಸಿಗುತ್ತದೆ. ಸೊಂಟದ ಎಲುಬು ಒಮ್ಮೆ ಕೈಕೊಟ್ಟಿದ್ದ ಹುಡುಗನಿಗೆ ಈ ವ್ಯತ್ಯಾಸ ಸಣ್ಣದಲ್ಲ.

1952ರಲ್ಲಿ ಬ್ರೂಸ್ ಮೊದಲ ಬಾರಿ ಸ್ಪರ್ಧೆಗಿಳಿದ. ಆಕ್ಲೆಂಡ್‌ನ ಪಶ್ಚಿಮಕ್ಕೆ ಕಪ್ಪು ಮರಳಿನ ಮುರಿವಾಯ್ ಕಡಲತೀರವಿದೆ. ಅಲ್ಲಿನ ಗುಡ್ಡವೇರುವ ಸ್ಪರ್ಧೆಯಲ್ಲಿ 750 ಸಿಸಿ ವರ್ಗದ ಗೆಲುವು ಆಸ್ಟಿನ್‌ನದಾಯಿತು. ನಂತರ ಗುಡ್ಡ, ಬಯಲು, ಮರಳು ಎಂಬ ಭೇದವಿಲ್ಲದೆ ಕ್ಲಬ್ ಸ್ಪರ್ಧೆಗಳು. ಮತ್ತೊಂದು ಆಸ್ಟಿನ್ ಸೆವೆನ್ ಇಟ್ಟುಕೊಂಡಿದ್ದ ಫಿಲ್ ಕೆರ್ ಎಂಬ ಗೆಳೆಯ ಜೊತೆಗಾರನೂ ಹೌದು, ಎದುರಾಳಿಯೂ ಹೌದು. ಮುಂದೊಂದು ದಿನ ಇದೇ ಕೆರ್ ಮೆಕ್ಲಾರೆನ್ ಸಂಸ್ಥೆಯ ಆಡಳಿತದ ಹೊಣೆ ಹೊತ್ತರು.

ಓಡಿಸುವುದಷ್ಟೇ ಆಗಿದ್ದರೆ ಬ್ರೂಸ್ ಇನ್ನೊಬ್ಬ ಒಳ್ಳೆಯ ಚಾಲಕನಾಗಿ ಉಳಿಯುತ್ತಿದ್ದನೇನೋ. ಆತನಿಗೆ ಕಾರಿನೊಳಗನ್ನು ಕೆದಕುವ ಚಟವೂ ಇತ್ತು. ಎಂಜಿನ್ನಿನ ಸಿಲಿಂಡರ್ ಹೆಡ್ ಬಿಚ್ಚಿ, ದಹನಕೋಶಗಳಿಗೆ ಕಂಚು ತುಂಬಿ, ಅದನ್ನು ಅರದಿಂದ ಉಜ್ಜಿ ಉಜ್ಜಿ ತನಗೆ ಸರಿಕಂಡ ಆಕಾರಕ್ಕೆ ತಂದ. ಒತ್ತಡ ಹೆಚ್ಚಿತು, ವೇಗವೂ ಹೆಚ್ಚಿತು. ತಾಂತ್ರಿಕ ಶಾಲೆ, ಮುಂದೆ ಆಕ್ಲೆಂಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ತರಗತಿ ಎಲ್ಲವೂ ನಡೆದವು. ಆದರೆ ಆತನ ಕೈಗೆ ಬುದ್ಧಿ ಬಂದದ್ದು ಈ ಕಂಚಿನ ಪುಡಿಯ ನಡುವೆ. ಪದವಿ ಪೂರೈಸುವ ಮೊದಲೇ ರೇಸು ಸೆಳೆದುಕೊಂಡಿತು.

ಆಸ್ಟಿನ್ ನಂತರ ಫೋರ್ಡ್ ಸ್ಪೆಷಲ್, ಆಸ್ಟಿನ್ ಹೀಲಿ, ಕೂಪರ್ ಎಂದು ಕಾರುಗಳು ಬದಲಾದವು. 1958ರಲ್ಲಿ ನ್ಯೂಜಿಲೆಂಡ್‌ನ ಪ್ರತಿಭಾವಂತ ಚಾಲಕನೊಬ್ಬನನ್ನು ಯುರೋಪಿಗೆ ಕಳುಹಿಸುವ ಯೋಜನೆ ಆರಂಭವಾದಾಗ ಮೊದಲ ಆಯ್ಕೆ ಇಪ್ಪತ್ತರ ಬ್ರೂಸ್.

ಇಂಗ್ಲೆಂಡ್‌ನಲ್ಲಿ ಅವರು ಸೇರಿದ ಕೂಪರ್ ಸಂಸ್ಥೆಯ ಹಿನ್ನೆಲೆಯೂ ಪುಟ್ಟ ಕಾರುಗಳದ್ದೇ. ಎರಡನೆಯ ಮಹಾಯುದ್ಧ ಮುಗಿದೊಡನೆ, 1946ರಲ್ಲಿ, ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ಎರಡು ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ಚಾಲಕನ ಹಿಂದೆ 500 ಸಿಸಿಯ ಮೋಟಾರ್ ಸೈಕಲ್ ಎಂಜಿನ್ ಕೂರಿಸಿ ರೇಸ್ ಕಾರು ಮಾಡಿದ್ದರು. ಎಂಜಿನ್ ಹಿಂದೆ ಇಡಲು ಮಹಾ ಸಿದ್ಧಾಂತವೇನೂ ಕಾರಣವಲ್ಲ. ಸರಪಳಿಯಿಂದ ಹಿಂಚಕ್ರ ತಿರುಗಿಸಲು ಅದೇ ಅನುಕೂಲವಾಗಿತ್ತು. ಆ ಅನುಕೂಲವೇ ಬೆಳೆದು, 1960ರ ಹೊತ್ತಿಗೆ ಫಾರ್ಮುಲಾ ಒನ್‌ನ ದಿಕ್ಕನ್ನು ಬದಲಿಸಿತು.

1958ರ ಆಗಸ್ಟ್‌ನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಗ್ರ್ಯಾನ್ ಪ್ರೀ. ಫಾರ್ಮುಲಾ ಒನ್ ಕಾರುಗಳ ಜೊತೆಗೆ ಸಣ್ಣ ಎಂಜಿನ್ನಿನ ಫಾರ್ಮುಲಾ ಟೂ ಕಾರುಗಳನ್ನೂ ಓಡಿಸಿದ್ದರು. 1,500 ಸಿಸಿಯ ಕೂಪರ್‌ನಲ್ಲಿದ್ದ ಮೆಕ್ಲಾರೆನ್ ತಮ್ಮ ವರ್ಗದಲ್ಲಿ ಮೊದಲಿಗರಾದರು, ಒಟ್ಟಾರೆ ಐದನೆಯವರು. ಬೆಟ್ಟಕಾಡಿನ ನಡುವಿನ ನೂರೆಪ್ಪತ್ತು ಚಿಲ್ಲರೆ ತಿರುವುಗಳ ಆ ಹಾದಿಯಲ್ಲಿ ಎಂಜಿನ್ನಿನ ಬಲಕ್ಕಿಂತ ತಿರುವಿನ ವೇಗ ಮುಖ್ಯವಾಗಿತ್ತು. ಅದೇ ದಿನ ಅದೇ ಓಟದಲ್ಲಿ ಫೆರಾರಿಯ ಪೀಟರ್ ಕಾಲಿನ್ಸ್ ಅಪಘಾತದಲ್ಲಿ ಸತ್ತರು. ಆ ಕಾಲದ ರೇಸಿಂಗ್‌ನಲ್ಲಿ ಗೆಲುವು ಮತ್ತು ಸಾವು ಒಂದೇ ಸಂಜೆಯ ಸುದ್ದಿಯಾಗಿ ಬರುತ್ತಿದ್ದವು.

ಮರುವರ್ಷ, 1959ರ ಡಿಸೆಂಬರ್ 12, ಅಮೆರಿಕದ ಸೆಬ್ರಿಂಗ್. ಕೂಪರ್ ತಂಡದ ಹಿರಿಯ ಜಾಕ್ ಬ್ರಾಬಮ್ ವಿಶ್ವ ಪ್ರಶಸ್ತಿಯ ಹೊಸ್ತಿಲಲ್ಲಿದ್ದರು. ಮುಂದೆ ಬ್ರಾಬಮ್, ಹಿಂದೆಯೇ ಮೆಕ್ಲಾರೆನ್. ಕೊನೆಯ ಸುತ್ತಿನಲ್ಲಿ, ಗೆರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಬ್ರಾಬಮ್ ಕಾರಿನ ಪೆಟ್ರೋಲ್ ಮುಗಿಯಿತು. ಏನಾಯಿತೆಂದು ತಿಳಿಯದೆ ಮೆಕ್ಲಾರೆನ್ ತಾವೂ ವೇಗ ತಗ್ಗಿಸಿದರು. ಮುಂದೆ ಹೋಗು ಎಂದು ಬ್ರಾಬಮ್ ಕೈಬೀಸಿದ ಮೇಲೆಯೇ ಮತ್ತೆ ಆಕ್ಸಿಲರೇಟರ್ ತುಳಿದದ್ದು. ಬೆನ್ನಟ್ಟಿ ಬಂದ ಮಾರಿಸ್ ಟ್ರಿಂಟಿನ್ಯಾಂಗಿಂತ 0.6 ಸೆಕೆಂಡ್ ಮೊದಲು ಗೆರೆ ದಾಟಿದರು. ಬ್ರಾಬಮ್ ಕಾರನ್ನು ತಳ್ಳಿಕೊಂಡು ಬಂದು ನಾಲ್ಕನೆಯವರಾಗಿ, ವಿಶ್ವ ಚಾಂಪಿಯನ್ ಆದರು. ಮೆಕ್ಲಾರೆನ್‌ಗೆ ಆಗ 22 ವರ್ಷ. ಇಂಡಿಯಾನಾಪೊಲಿಸ್ ಓಟವೊಂದನ್ನು ಬಿಟ್ಟರೆ, ಅಷ್ಟು ಎಳೆಯ ವಯಸ್ಸಿನ ಗ್ರ್ಯಾನ್ ಪ್ರೀ ವಿಜೇತ 2003ರಲ್ಲಿ ಫರ್ನಾಂಡೊ ಅಲೊನ್ಸೊ ಬರುವವರೆಗೆ ಮತ್ತೊಬ್ಬನಿರಲಿಲ್ಲ.

1960ರ ಮೊದಲ ಓಟವಾದ ಅರ್ಜೆಂಟೀನಾವನ್ನೂ ಗೆದ್ದು, ಆ ವರ್ಷದ ಪಟ್ಟಿಯಲ್ಲಿ ಬ್ರಾಬಮ್ ನಂತರ ಎರಡನೆಯವರಾದರು. 1962ರಲ್ಲಿ ಮೊನಾಕೊ ಗೆದ್ದರು. ವಿಶ್ವ ಚಾಂಪಿಯನ್ ಪಟ್ಟ ಮಾತ್ರ ಒಲಿಯಲಿಲ್ಲ. ಜಿಮ್ ಕ್ಲಾರ್ಕ್, ಸ್ಟರ್ಲಿಂಗ್ ಮಾಸ್ ಅವರಂಥ ಚಾಲನಾ ಪ್ರತಿಭೆ ಅವರದಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅವರ ನಿಜವಾದ ಶಕ್ತಿ ಬೇರೆಡೆಯಿತ್ತು.

ತವರಿನ ಟಾಸ್ಮನ್ ಸರಣಿಗೆ ಬೇಕಾದಂತೆ ಕಾರುಗಳನ್ನು ಬದಲಿಸಿಕೊಳ್ಳುವ ಮಾತಿಗೆ ಚಾರ್ಲ್ಸ್ ಕೂಪರ್ ಒಪ್ಪದೇ ಹೋದಾಗ, 1963ರಲ್ಲಿ ಮೆಕ್ಲಾರೆನ್ ತಮ್ಮದೇ ತಂಡ ಕಟ್ಟಿದರು. 1964ರ ಸರಣಿ ಅವರದಾಯಿತು. ಆದರೆ ಟಾಸ್ಮೇನಿಯಾದ ಲಾಂಗ್‌ಫರ್ಡ್‌ನಲ್ಲಿ ಅಭ್ಯಾಸದ ವೇಳೆ ತಂಡದ ಎಳೆಯ ಚಾಲಕ, ಅಮೆರಿಕದ ಟಿಮ್ಮಿ ಮೇಯರ್ ಅಪಘಾತದಲ್ಲಿ ತೀರಿಕೊಂಡರು. ತಂಡ ಅಲ್ಲಿಗೇ ಮುಗಿಯಬಹುದಿತ್ತು. ಟಿಮ್ಮಿಯ ಅಣ್ಣ ಟೆಡ್ಡಿ ಮೇಯರ್ ಅಲ್ಲಿಯೇ ನಿಂತು, ಮೆಕ್ಲಾರೆನ್ ಜೊತೆ ಸಂಸ್ಥೆಯನ್ನು ಬೆಳೆಸಿದರು.

ಲಂಡನ್ ಹೊರವಲಯದ ನ್ಯೂ ಮಾಲ್ಡನ್‌ನಲ್ಲಿ ಮಣ್ಣು ನೆಲದ ಒಂದು ಶೆಡ್ಡು. ರೇಸ್ ಕಾರಿನ ಪಕ್ಕದಲ್ಲೇ ರಸ್ತೆ ಮಟ್ಟಮಾಡುವ ಯಂತ್ರ. ಮೆಕ್ಲಾರೆನ್ ಸಂಸ್ಥೆಯ ಆರಂಭದ ಚಿತ್ರ ಇದು. ಯಜಮಾನರೇ ಪರೀಕ್ಷಾ ಚಾಲಕರು, ಯಜಮಾನರೇ ಕತ್ತರಿ ಹಿಡಿಯುವವರು. ಒಮ್ಮೆ ಪರೀಕ್ಷೆಯ ಓಟದಲ್ಲಿ, ಕಾರಿನ ಮೂತಿಯ ಮೇಲಿದ್ದ ಪುಟ್ಟ ಮುಚ್ಚಳವೊಂದು ವೇಗ ಏರಿದಂತೆ ಮೇಲಕ್ಕೆ ಪಟಪಟಿಸುವುದನ್ನು ಮೆಕ್ಲಾರೆನ್ ಗಮನಿಸಿದರು. ಗಾಳಿ ಅದನ್ನು ಕೆಳಗೆ ಒತ್ತಬೇಕಿತ್ತಲ್ಲವೇ? ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿದೆ, ರೇಡಿಯೇಟರ್ ಹಾಯ್ದು ಬಂದ ಗಾಳಿಗೆ ಹೊರಹೋಗಲು ದಾರಿಯಿಲ್ಲ ಎಂಬುದು ಹೊಳೆಯಿತು. ಕಾರು ನಿಲ್ಲಿಸಿ, ತಗಡು ಕತ್ತರಿ ಹಿಡಿದು ರೇಡಿಯೇಟರ್ ಹಿಂದಿನ ಹೊದಿಕೆಯನ್ನೇ ಕತ್ತರಿಸಿದರು. ಕಾರು ತಣ್ಣಗೂ ಆಯಿತು, ವೇಗವಾಗಿಯೂ ಓಡಿತು. ಅರ ಹಿಡಿದು ಆಸ್ಟಿನ್‌ನ ಹೆಡ್ ಉಜ್ಜಿದ ಹುಡುಗ ಎಲ್ಲಿಯೂ ಹೋಗಿರಲಿಲ್ಲ.

1966ರಲ್ಲಿ ಮೊನಾಕೊದಲ್ಲಿ ಮೆಕ್ಲಾರೆನ್ ಹೆಸರಿನ ಕಾರು ಮೊದಲ ಬಾರಿ ಫಾರ್ಮುಲಾ ಒನ್‌ಗೆ ಇಳಿಯಿತು. ಅದೇ ವರ್ಷ ತವರಿನವರೇ ಆದ ಕ್ರಿಸ್ ಏಮನ್ ಜೊತೆ ಫೋರ್ಡ್ ಕಾರಿನಲ್ಲಿ ಲೆ ಮಾನ್ 24 ಗಂಟೆಗಳ ಓಟ ಗೆದ್ದರು. 1968ರ ಜೂನ್ 9ರಂದು ಬೆಲ್ಜಿಯಂನ ಸ್ಪಾದಲ್ಲಿ, ಮುಂದಿದ್ದ ಜಾಕಿ ಸ್ಟೂವರ್ಟ್ ಕೊನೆಯಲ್ಲಿ ಇಂಧನಕ್ಕಾಗಿ ನಿಲ್ಲಬೇಕಾಗಿ ಬಂದು, ಮೆಕ್ಲಾರೆನ್ ತಾವೇ ಕಟ್ಟಿದ ಕಾರಿನಲ್ಲಿ ಗ್ರ್ಯಾನ್ ಪ್ರೀ ಗೆದ್ದರು. ಗೆದ್ದದ್ದು ಅವರಿಗೇ ಗೊತ್ತಿರಲಿಲ್ಲ, ಕಾರಿನಿಂದ ಇಳಿದ ಮೇಲೆ ಬೇರೆಯವರು ಹೇಳಬೇಕಾಯಿತು. ಉತ್ತರ ಅಮೆರಿಕದ ಕ್ಯಾನ್-ಆ್ಯಮ್ ಸರಣಿಯಂತೂ ಅವರ ಕಿತ್ತಳೆ ಬಣ್ಣದ ಕಾರುಗಳ ಸ್ವತ್ತಾಯಿತು. 1969ರಲ್ಲಿ 11 ಓಟಗಳು, 11 ಗೆಲುವು: ಆರು ಮೆಕ್ಲಾರೆನ್‌ದು, ಐದು ಡೆನ್ನಿ ಹಲ್ಮ್‌ದು.

1970ರ ಬೇಸಗೆ ಕೆಟ್ಟದ್ದಾಗಿಯೇ ಆರಂಭವಾಗಿತ್ತು. ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅಭ್ಯಾಸದ ವೇಳೆ ಬೆಂಕಿ ಹೊತ್ತಿ ಹಲ್ಮ್ ಅವರ ಕೈಗಳು ಸುಟ್ಟಿದ್ದವು. ಜೂನ್ 2ರಂದು ಮೆಕ್ಲಾರೆನ್ ಇಂಗ್ಲೆಂಡ್‌ನ ಗುಡ್‌ವುಡ್‌ನಲ್ಲಿ ಹೊಸ ಎಂ8ಡಿ ಕಾರಿನ ಪರೀಕ್ಷೆ ನಡೆಸುತ್ತಿದ್ದರು. ರೇಸ್ ಅಲ್ಲ, ಪ್ರೇಕ್ಷಕರಿಲ್ಲ, ಎಂದಿನ ಕೆಲಸದ ದಿನ. ನೇರ ಹಾದಿಯಲ್ಲಿ ಮಹಾವೇಗದಲ್ಲಿದ್ದಾಗ ಕಾರಿನ ಹಿಂಭಾಗದ ಹೊದಿಕೆ ಕಳಚಿ ಹಾರಿತು. ಗಾಳಿಯ ಒತ್ತಡದಿಂದ ಹಿಂಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದದ್ದೇ ಆ ಹೊದಿಕೆ. ಕಾರು ತಿರುಗಿ, ಹಾದಿ ಬಿಟ್ಟು, ಮಾರ್ಷಲ್‌ಗಳ ನಿಲುಗಡೆಯ ಕಟ್ಟೆಗೆ ಅಪ್ಪಳಿಸಿತು. ಮೆಕ್ಲಾರೆನ್ ಸ್ಥಳದಲ್ಲಿಯೇ ಸತ್ತರು. ಹೆಂಡತಿ ಪ್ಯಾಟಿ, ನಾಲ್ಕು ವರ್ಷದ ಮಗಳು ಅಮಾಂಡಾ ಮನೆಯಲ್ಲಿದ್ದರು.

ಮರುದಿನ ಕೆಲಸಕ್ಕೆ ಬರಬೇಕಿಲ್ಲವೆಂದು ಟೆಡ್ಡಿ ಮೇಯರ್ ಸಿಬ್ಬಂದಿಗೆ ತಿಳಿಸಿದ್ದರೂ ಎಲ್ಲರೂ ಬಂದರು. ಹನ್ನೆರಡು ದಿನಗಳ ನಂತರ, ಜೂನ್ 14ರಂದು, ಕೆನಡಾದ ಮೊಸ್ಪೋರ್ಟ್‌ನಲ್ಲಿ ಕ್ಯಾನ್-ಆ್ಯಮ್ ಋತು ಆರಂಭವಾದಾಗ ಕಿತ್ತಳೆ ಕಾರುಗಳು ಸಾಲಿನಲ್ಲಿದ್ದವು. ಮೆಕ್ಲಾರೆನ್ ಜಾಗದಲ್ಲಿ ಕುಳಿತ ಡ್ಯಾನ್ ಗರ್ನಿ ಓಟ ಗೆದ್ದರು. ಸುಟ್ಟ ಕೈಗಳಿಗೆ ಬಟ್ಟೆ ಸುತ್ತಿಕೊಂಡೇ ಹಲ್ಮ್ ಓಡಿಸಿದರು, ವರ್ಷದ ಕೊನೆಗೆ ಸರಣಿಯೂ ಅವರದಾಯಿತು. 1974ರಲ್ಲಿ ಎಮರ್ಸನ್ ಫಿಟಿಪಾಲ್ಡಿ ಮೆಕ್ಲಾರೆನ್ ಕಾರಿಗೆ ಮೊದಲ ವಿಶ್ವ ಪ್ರಶಸ್ತಿ ತಂದರು. 1988ರಲ್ಲಿ ಸೆನ್ನಾ ಮತ್ತು ಪ್ರಾಸ್ಟ್ 16ರಲ್ಲಿ 15 ಓಟ ಗೆದ್ದರು. 2011ರಲ್ಲಿ ಗ್ರೇಟರ್ ನೊಯ್ಡಾದಲ್ಲಿ ನಡೆದ ಭಾರತದ ಮೊದಲ ಗ್ರ್ಯಾನ್ ಪ್ರೀಯಲ್ಲಿ ಎರಡನೆಯ ಸ್ಥಾನ ಪಡೆದ ಜೆನ್ಸನ್ ಬಟನ್ ಓಡಿಸಿದ್ದೂ ಮೆಕ್ಲಾರೆನ್ ಕಾರನ್ನೇ.

ಮೆಕ್ಲಾರೆನ್ ಅವರನ್ನು ಆಕ್ಲೆಂಡ್‌ನ ವಾಯ್ಕುಮೆಟೆ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. 2004ರಲ್ಲಿ ಇಂಗ್ಲೆಂಡ್‌ನ ವೋಕಿಂಗ್‌ನಲ್ಲಿ ಸಂಸ್ಥೆಯ ಹೊಸ ತಂತ್ರಜ್ಞಾನ ಕೇಂದ್ರವನ್ನು ರಾಣಿ ಎರಡನೆಯ ಎಲಿಜಬೆತ್ ಉದ್ಘಾಟಿಸಿದರು. ಗಾಜು, ಉಕ್ಕು, ಕೃತಕ ಸರೋವರಗಳ ಆ ಭವ್ಯ ಕಟ್ಟಡದೊಳಗೆ ಪ್ರಶಸ್ತಿ ಗೆದ್ದ ಕಾರುಗಳನ್ನು ಸಾಲಾಗಿ ನಿಲ್ಲಿಸಿದಾಗ, ಅವುಗಳ ಜೊತೆಗೆ ಮೆಕ್ಲಾರೆನ್ ಲಾಂಛನವೇ ಇಲ್ಲದ ಒಂದು ಕಾರನ್ನೂ ಇರಿಸಲಾಯಿತು. ಸೈಕಲ್ ಗಾಲಿಯಂತೆ ತೆಳುವಾದ ಚಕ್ರಗಳ, ನಡುಮಟ್ಟಕ್ಕೂ ಬಾರದ, 747 ಸಿಸಿಯ ಆ 1929ರ ಆಸ್ಟಿನ್.